ದಾಸಪ್ಪನವರ ಕೋಲ್ಡ್ ಪ್ಲಗ್ಗು

ಕೊಡಿಗೇಹಳ್ಳಿಯ ದಾಸಪ್ಪನವರು ಇಂಜಿನ್ ತಜ್ಞರಾದದ್ದು ಚಪ್ಪಲಿ ಹುಡುಕುವಾಗ.

ಅಂದು ಯಲಹಂಕದಲ್ಲಿ ಅವರ ಹೆಂಡತಿ ವರಲಕ್ಷ್ಮಮ್ಮನ ತಮ್ಮ ವೆಂಕಟೇಶಪ್ಪನ ಹೊಸ ಮನೆಯ ಗೃಹಪ್ರವೇಶ. ವೆಂಕಟೇಶಪ್ಪ ಲೇಔಟು ಮಾಡಿ ಮೇಲೆ ಬಂದವನು. ಮೂರಂತಸ್ತಿನ ಮನೆ, ಮನೆಯಲ್ಲಿ ಲಿಫ್ಟು, ಲಿಫ್ಟಿನೊಳಗೆ ದೇವರ ಪಟ. ದಾಸಪ್ಪನವರೋ ಸಹಕಾರನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಹೆಂಡತಿಯ ಕಡೆಯ ನೆಂಟರೆಲ್ಲ ಅವರನ್ನು ‘ಪಾಪ, ಒಳ್ಳೇವ್ರು’ ಎನ್ನುತ್ತಿದ್ದರು. ಒಬ್ಬ ಮನುಷ್ಯನ ಬಗ್ಗೆ ಹೇಳಲು ಬೇರೇನೂ ತೋಚದಿದ್ದಾಗ ನಾವೆಲ್ಲ ಹೇಳುವ ಮಾತು ಅದೇ. ಗ್ರೂಪ್ ಫೋಟೋ ತೆಗೆಯುವಾಗ ‘ಬಾವ, ಒಸಿ ಫೋನ್ ಇಡ್ಕಳಿ’ ಎಂದು ಫೋನನ್ನು ಅವರ ಕೈಗೇ ಕೊಡುತ್ತಿದ್ದರು. ಹಾಗಾಗಿ ಆ ಮನೆತನದ ಆಲ್ಬಮ್ಮುಗಳಲ್ಲಿ ದಾಸಪ್ಪನವರು ಎಲ್ಲೂ ಕಾಣಿಸುವುದಿಲ್ಲ.

ಊಟ ಮುಗಿಸಿ ಹೊರಗೆ ಬಂದಾಗ ಅವರ ಚಪ್ಪಲಿಯಲ್ಲಿ ಒಂದು ಮಾತ್ರ ಇತ್ತು. ಇನ್ನೊಂದನ್ನು ಯಾರೋ ಒದ್ದು ಪೋರ್ಟಿಕೋದಲ್ಲಿ ನಿಂತಿದ್ದ ಕೆಂಪು ಕಾರಿನ ಕೆಳಗೆ ತಳ್ಳಿದ್ದರು. ಅದು ವೆಂಕಟೇಶಪ್ಪನ ಸ್ಪೋರ್ಟ್ಸ್ ಕಾರು. ಇಬ್ಬರು ಮಾತ್ರ ಕೂರಬಹುದಾದ ಆ ಕಾರಿಗೆ ಕಂಪನಿಯವರು ಕೊಟ್ಟ ಶಕ್ತಿ ಸಾಲದೆಂದು ಅವನು ಆರ್.ಟಿ. ನಗರದ ಸಾಕಿಬ್ ಎಂಬವನ ಗ್ಯಾರೇಜಿನಲ್ಲಿ ಟರ್ಬೋ ಒತ್ತಡ ಏರಿಸಿ ಟ್ಯೂನ್ ಮಾಡಿಸಿದ್ದ. ಅಂದಿನಿಂದ ಕಾರು ಮೆಲ್ಲಗೆ ಹೋದರೆ ರೇಷ್ಮೆ, ಪೂರ್ತಿ ತುಳಿದರೆ ಕೆಮ್ಮು. ಆ ಹೊತ್ತಿಗೆ ಬಾನೆಟ್ ತೆರೆದಿತ್ತು. ಸುತ್ತ ಹತ್ತಾರು ಗಂಡಸರು ಸೊಂಟದ ಮೇಲೆ ಕೈಯಿಟ್ಟು, ಎಲೆಯಡಿಕೆ ಜಗಿಯುತ್ತಾ ಗಂಭೀರವಾಗಿ ಒಳಗೆ ನೋಡುತ್ತಿದ್ದರು. ನೋಡಿದರೆ ರಿಪೇರಿಯಾಗುವ ಇಂಜಿನ್ ಆಗಿದ್ದರೆ ಅಂದೇ ಸರಿಹೋಗುತ್ತಿತ್ತು.

ದಾಸಪ್ಪನವರು ಮಂಡಿಯೂರಿ ಕಾರಿನ ಕೆಳಗೆ ತಲೆ ತೂರಿಸಿದರು. ಚಪ್ಪಲಿ ಕೈಗೆ ಸಿಕ್ಕಿತು. ತಲೆ ಎತ್ತಿದರೆ ಎಲ್ಲರೂ ಅವರನ್ನೇ ನೋಡುತ್ತಿದ್ದಾರೆ.

“ಏನ್ ಬಾವ, ಕೆಳಗ್ಲಿಂದ ನೋಡ್ತಿದ್ದೀರಾ? ಏನನ್ಸ್ತದೆ?” ಎಂದ ವೆಂಕಟೇಶಪ್ಪ.

ಅಷ್ಟು ಜನರ ಮುಂದೆ ‘ಚಪ್ಪಲಿ’ ಎನ್ನಲು ದಾಸಪ್ಪನವರಿಗೆ ನಾಚಿಕೆಯಾಯಿತು. ಅವರ ಬಳಿ ಹಿಂದೆ ಒಂದು ಸ್ಕೂಟರ್ ಇತ್ತು. ಅದು ಕೆಟ್ಟಾಗಲೆಲ್ಲ ಮೆಕ್ಯಾನಿಕ್ ಒಂದೇ ಮಾತು ಹೇಳುತ್ತಿದ್ದ. ಆ ಮಾತು ಈಗ ಬಾಯಿಗೆ ಬಂತು.

“ಪ್ಲಗ್ ಗ್ಯಾಪ್ ನೋಡ್ಸಿ.”

ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ವೆಂಕಟೇಶಪ್ಪನ ಫೋನು ಹೊಡೆದುಕೊಂಡಿತು. ರೇಸಿಗೆಂದು ಕೊಯಮತ್ತೂರಿಗೆ ಹೋಗಿದ್ದ ಸಾಕಿಬ್. ಸ್ಪೀಕರಿನಲ್ಲಿ ಅವನ ದನಿ ಪೋರ್ಟಿಕೋ ತುಂಬಾ ಕೇಳಿಸಿತು: “ಅಣ್ಣಾ, ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ಅದು ಪ್ಲಗ್ ಗ್ಯಾಪೇ ಅಣ್ಣಾ! ಪ್ಲಗ್ಗೂ ಚೇಂಜ್ ಮಾಡ್ಬೇಕು. ನಾನು ಬರೋದು ಮುಂದಿನ ವಾರ. ಅಲ್ಲೇ ಯಾರಾದ್ರೂ ತಿಳಿದೋರ ಕೈಲಿ ಮಾಡಿಸ್ಕೊಳಿ.”

ಎಲೆಯಡಿಕೆ ಜಗಿಯುವ ಸದ್ದು ನಿಂತಿತು. ಹತ್ತಾರು ಮುಖಗಳು ಇಂಜಿನ್ನಿನಿಂದ ದಾಸಪ್ಪನವರ ಕಡೆಗೆ ತಿರುಗಿದವು. ಅವರ ಕೈಯಲ್ಲಿ ಒಂದು ಚಪ್ಪಲಿ ಇತ್ತು. ಈಗ ಅದೂ ಏನೋ ಉಪಕರಣದಂತೆ ಕಂಡಿರಬೇಕು.

“ಬಾವಾ!” ವೆಂಕಟೇಶಪ್ಪ ಅವರ ಎರಡೂ ಭುಜ ಹಿಡಿದ. “ಇಂಥಾ ಇದ್ಯೆ ಇಟ್ಕಂಡು ಇಷ್ಟ್ ದಿನ ಇಂಗೆ ಸುಮ್ಕಿದ್ರಲ್ಲ! ಬಾನುವಾರ ರೇಸು. ಪ್ಲಗ್ ಕೆಲ್ಸ ನಿಮ್ದೇ. ಇಲ್ಲ ಅನ್ನಂಗಿಲ್ಲ.”

ಭಾನುವಾರದ ಆ ಓಟದ ಬಗ್ಗೆ ಆ ವಂಶದಲ್ಲಿ ತಿಳಿಯದವರಿರಲಿಲ್ಲ. ವೆಂಕಟೇಶಪ್ಪನ ಷಡ್ಡಕ ಮುನಿವೆಂಕಟಯ್ಯನ ಹತ್ತಿರ ಇಂಥದ್ದೇ ಒಂದು ಹಳದಿ ಕಾರಿತ್ತು. ಯಲಹಂಕದ ಆಚೆ ಬಾಡಿಗೆಗೆ ಸಿಗುವ ಖಾಸಗಿ ಟ್ರ್ಯಾಕಿನಲ್ಲಿ ಕಳೆದ ವರ್ಷ ಅವನು ಗೆದ್ದು, ತನ್ನ ಕಾರಿಗೆ ಹಾರ ಹಾಕಿದ ವಿಡಿಯೋವನ್ನು ನೆಂಟರ ಗುಂಪಿಗೆಲ್ಲ ಕಳಿಸಿದ್ದ. ಇಂದಿಗೂ ಹಬ್ಬಹರಿದಿನಗಳಲ್ಲಿ ಶುಭಾಶಯದ ಬದಲು ಅದನ್ನೇ ಕಳಿಸುತ್ತಿದ್ದ. ಈಗ ಮುನಿವೆಂಕಟಯ್ಯ ಕಂಬಕ್ಕೆ ಒರಗಿ ನಕ್ಕ. “ಗುಮಾಸ್ತರ ಕೈಲಿ ಇಂಜಿನ್ ಕೊಟ್ಯಾ? ಕಾಲೇಜ್ ಸೀಲ್ ಒಡ್ಸ್ಕೊಂಡ್ ಬರ್ತಾರೆ, ಅಷ್ಟೇಯ.”

ದಾಸಪ್ಪನವರು ನಿಜ ಹೇಳಿಬಿಡಲು ಬಾಯಿ ತೆರೆದರು. ಆಗ ಬಾಗಿಲಲ್ಲಿ ನಿಂತಿದ್ದ ವರಲಕ್ಷ್ಮಮ್ಮ ಕಾಣಿಸಿದರು. ತವರುಮನೆಯವರ ನಡುವೆ ಅವರು ಅಷ್ಟು ನೆಟ್ಟಗೆ ನಿಂತದ್ದನ್ನು ದಾಸಪ್ಪನವರು ಮದುವೆಯಾದಾಗಿನಿಂದ ನೋಡಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡಿತು.

ಮಾರನೆಯ ದಿನ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಅವರು ಆರ್.ಟಿ. ನಗರದಲ್ಲಿ ಮುರುಗೇಶನ ಬಿಡಿಭಾಗದ ಅಂಗಡಿಗೆ ಹೋದರು. ಬಿಸಿಲು ಚುರುಗುಟ್ಟುತ್ತಿತ್ತು.

“ಕಾರಿಗೆ ಪ್ಲಗ್ಗು ಬೇಕಿತ್ತಪ್ಪ. ಟ್ಯೂನ್ ಮಾಡ್ಸಿರೋ ಕಾರು,” ಎಂದರು.

ಮುರುಗೇಶ್ ಕಾರಿನ ಹೆಸರು, ಟರ್ಬೋ ಒತ್ತಡ ಎಲ್ಲ ಕೇಳಿದ. ವೆಂಕಟೇಶಪ್ಪ ಹೇಳಿಕೊಟ್ಟದ್ದನ್ನು ದಾಸಪ್ಪನವರು ಮಗ್ಗಿಯಂತೆ ಒಪ್ಪಿಸಿದರು.

“ಅದ್ಸರಿ. ಹಾಟಾ ಸಾರ್, ಕೋಲ್ಡಾ?”

“ಏನೂ ಬೇಡಪ್ಪ,” ದಾಸಪ್ಪನವರು ಸಂಕೋಚದಿಂದ ಕೈಯಾಡಿಸಿದರು. “ಈಗ್ತಾನೇ ಕಾಫಿ ಕುಡ್ದು ಬಂದೆ.”

ಮುರುಗೇಶ್ ಅವರ ಮುಖವನ್ನೇ ನೋಡಿದ. ಗಿರಾಕಿ ತಮಾಷೆಯವರು ಎಂದುಕೊಂಡು ನಕ್ಕ. “ಕೋಲ್ಡೇ ಹಾಕ್ಬೇಕು ಸಾರ್ ಈ ಇಂಜಿನ್‌ಗೆ. ಎರಡು ಸ್ಟೆಪ್ ಕೋಲ್ಡು. ಆಮೇಲೆ ಗ್ಯಾಪು ಕಮ್ಮಿ ಮಾಡ್ಕೊಳಿ. ಒಳಗೆ ಒತ್ತಡ ಜಾಸ್ತಿ ಅಲ್ವಾ, ಗ್ಯಾಪ್ ದೊಡ್ದಾದ್ರೆ ಕಿಡೀನ ಊದಿ ಆರಿಸ್ಬಿಡತ್ತೆ. ಗಾಳೀಗೆ ದೀಪ ಆರೋಗಲ್ವಾ, ಹಂಗೆ. ಅದಕ್ಕೇ ನಿಮ್ಮ ಗಾಡಿ ತುಳಿದಾಗ ಕೆಮ್ಮೋದು.”

ಹೀಗೆಂದು ನಾಲ್ಕು ಡಬ್ಬಿಗಳನ್ನು ಮುಂದಿಟ್ಟ. ಜೊತೆಗೆ ಗ್ಯಾಪು ಅಳೆಯುವ ಗೇಜು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳ್ಳನೆ ಉಕ್ಕಿನ ಎಲೆಗಳ ಕಟ್ಟು ಅದು. ಯಾವ ಎಲೆ ತೂರಬೇಕೆಂದು ತೋರಿಸಿ, “ನಡುವಿನ ಕಡ್ಡಿ ಸೂಜಿ ಥರ ಇದೆ ಸಾರ್, ಅದನ್ನ ಮುಟ್ಟಲೇಬೇಡಿ. ಮೇಲಿನ ಕೊಕ್ಕೆ ಮಾತ್ರ ಬಗ್ಗಿಸಿ, ಮೆಲ್ಲಗೆ,” ಎಂದ.

ದಾಸಪ್ಪನವರು ಒಂದು ಪ್ಲಗ್ಗನ್ನು ಮುಟ್ಟಿ ನೋಡಿದರು. ಬಿಸಿಲು ಬೀಳುವ ಕಪಾಟಿನಲ್ಲಿದ್ದದ್ದಕ್ಕೆ ಕೈಗೆ ಬೆಚ್ಚಗೆ ಹತ್ತಿತು. ಕೋಲ್ಡ್ ಎಂದು ಹೇಳಿ ಬೆಚ್ಚಗಿನದ್ದನ್ನು ಕೊಡುತ್ತಿದ್ದಾನೆ! ಪಾಪ, ಅಂಗಡಿಯಲ್ಲಿ ಫ್ರಿಜ್ ಇಲ್ಲ, ಅವನಾದರೂ ಏನು ಮಾಡಿಯಾನು ಎಂದು ಮರುಗಿದರು. ತಣ್ಣಗೆ ಮಾಡಿಕೊಳ್ಳುವುದು ಕೊಂಡವರ ಜವಾಬ್ದಾರಿ ಇರಬೇಕು. ಎರಡು ಸ್ಟೆಪ್ಪು.

ಮನೆಗೆ ಬಂದು ಮೊದಲು ಗ್ಯಾಪಿನ ಕೆಲಸಕ್ಕೆ ಕುಳಿತರು. ಇಲ್ಲಿ ಒಂದು ಮಾತು ಹೇಳಬೇಕು. ದಾಸಪ್ಪನವರಿಗೆ ಇಂಜಿನ್ ಗೊತ್ತಿರಲಿಲ್ಲ, ನಿಜ. ಆದರೆ ಹೇಳಿದ್ದನ್ನು ಹೇಳಿದಂತೆ ಮಾಡುವುದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕಿಟಕಿಯ ಪಕ್ಕ ಮಣೆ ಹಾಕಿಕೊಂಡು, ಕನ್ನಡಕ ಏರಿಸಿ, ಪ್ಲಗ್ಗಿನ ಕೊಕ್ಕೆಯನ್ನು ಮಣೆಯ ಅಂಚಿಗೆ ಮುಟ್ಟಿಯೂ ಮುಟ್ಟದಂತೆ ತಟ್ಟುವುದು, ಗೇಜಿನ ಎಲೆ ತೂರಿಸಿ ನೋಡುವುದು, ಮತ್ತೆ ತಟ್ಟುವುದು. ಎಲೆ ಸಲೀಸಾಗಿ ಜಾರಿದರೆ ಗ್ಯಾಪು ಹೆಚ್ಚು, ಸಿಕ್ಕಿಕೊಂಡರೆ ಕಡಿಮೆ. ಬೆಂದ ಇಡ್ಲಿಯಿಂದ ಬಟ್ಟೆ ಬಿಡಿಸುವಾಗ ಸಿಗುವ ಆ ಒಂದಿಷ್ಟು ಹಿಡಿತ ಸಿಗಬೇಕು. ಹೊರಗೆ ಸೊಪ್ಪಿನವಳು ಕೂಗಿ ಹೋದಳು, ಗ್ಯಾಸಿನವನು ಬಂದು ಹೋದ. ಇವರಿಗೆ ಕೇಳಿಸಲಿಲ್ಲ. ನಾಲ್ಕನೆಯ ಪ್ಲಗ್ಗಿನಲ್ಲೂ ಎಲೆ ಅದೇ ಹಿಡಿತದಲ್ಲಿ ಬಂದಾಗ ಅವರಿಗೆ ಯಾಕೋ ಬಹಳ ಸಂತೋಷವಾಯಿತು. ಕಾಲೇಜಿನಲ್ಲಿ ಯಾವ ಕೆಲಸ ಮುಗಿಸಿದಾಗಲೂ ಹಾಗಾಗಿರಲಿಲ್ಲ.

ಆಮೇಲೆ ನಾಲ್ಕನ್ನೂ ಸ್ಟೀಲ್ ಡಬ್ಬಿಯಲ್ಲಿಟ್ಟು ಫ್ರೀಜರಿಗೆ ಸೇರಿಸಿ, ಫ್ರಿಜ್ಜಿನ ತಿರುಪನ್ನು ನಾಲ್ಕರಿಂದ ಎರಡಕ್ಕೆ ಇಳಿಸಿದರು.

“ರೀ, ಎರಡಕ್ಕಿಟ್ರೆ ಹಾಲು ಒಡೆಯತ್ತೆ,” ಎಂದರು ವರಲಕ್ಷ್ಮಮ್ಮ.

“ಎರಡು ಸ್ಟೆಪ್ ಕೋಲ್ಡು ಅಂತ ಖಡಾಖಂಡಿತ ಹೇಳಿದಾರೆ ಕಣೇ. ಜಾಸ್ತಿಯಾದ್ರೆ ಇಂಜಿನ್‌ಗೆ ನೆಗಡಿಯಾಗತ್ತೆ.”

ವರಲಕ್ಷ್ಮಮ್ಮನವರು ಎದುರು ಮಾತಾಡಲಿಲ್ಲ. ತಜ್ಞರ ಹೆಂಡತಿಯಾಗಿ ಎರಡನೆಯ ದಿನ ಅದು. ಹಾಲನ್ನು ಮೂರು ಸಲ ಕಾಯಿಸಿಟ್ಟು, ಫೋನೆತ್ತಿ ತವರಿನ ಕಡೆಯವರಿಗೆಲ್ಲ ಸುದ್ದಿ ಮುಟ್ಟಿಸಿದರು. “ನಮ್ಮನೆಯವ್ರು ಪ್ಲಗ್ಗನ್ನ ಫ್ರಿಜ್ಜಲ್ಲಿಟ್ಟು ಹದ ಮಾಡ್ತಿದಾರೆ ಕಣೇ. ಯಾರಿಗೂ ಹೇಳ್ಬೇಡ.” ಯಾರಿಗೂ ಹೇಳಬಾರದ್ದಾದ್ದರಿಂದ ಸಂಜೆಯೊಳಗೆ ಅದು ಮುನಿವೆಂಕಟಯ್ಯನ ಕಿವಿಗೂ ಬಿತ್ತು.

ಶನಿವಾರ ಮಧ್ಯಾಹ್ನ ಕರೆಂಟು ಹೋಯಿತು.

ಮೊದಲು ದಾಸಪ್ಪನವರು ಸಮಾಧಾನವಾಗಿದ್ದರು. ಆಮೇಲೆ ಫ್ರೀಜರಿನ ಬಾಗಿಲಿಂದ ತೊಟತೊಟ ನೀರು ಬೀಳತೊಡಗಿತು. ಡಬ್ಬಿ ಎತ್ತಿಕೊಂಡು ಎದುರುಮನೆಗೆ ಓಡಿದರು; ಆ ಸಾಲಿಗೆ ಬೇರೆ ಲೈನು, ಕರೆಂಟಿತ್ತು. ಅದು ಜೈಬುನ್ನೀಸಾ ಅವರ ಮನೆ. ಗಂಡ ತೀರಿಕೊಂಡ ಮೇಲೆ ಮಗಳು ನೂರೀನ್ ಜೊತೆ ಇದ್ದರು. ಮಗಳು ಇಂಜಿನಿಯರಿಂಗ್ ಓದಿ ಯಶವಂತಪುರದಲ್ಲಿ ಇಂಜಿನ್ ಭಾಗ ತಯಾರಿಸುವ ಕಾರ್ಖಾನೆಗೆ ಹೋಗುತ್ತಿದ್ದಳು.

“ಅರೆ ದಾಸಪ್ಪ ಭಾಯ್, ಏನಿದು? ಶುಗರ್ ಇಂಜೆಕ್ಷನ್ನಾ?” ಜೈಬುನ್ನೀಸಾ ಗಾಬರಿಯಾದರು.

“ಅಲ್ಲಮ್ಮ, ಪ್ಲಗ್ಗು. ಸ್ವಲ್ಪ ಫ್ರಿಜ್ಜಲ್ಲಿ ಇಟ್ಕೊಬೇಕಿತ್ತು.”

“ಪ್ಲಗ್ಗಾ?” ಅವರು ಒಂದು ಕ್ಷಣ ಯೋಚಿಸಿದರು. ನೆರೆಯವರು ಕೇಳಿದ್ದಕ್ಕೆ ಇಲ್ಲ ಎಂದ ಅಭ್ಯಾಸ ಅವರಿಗಿರಲಿಲ್ಲ. “ಇಡಿ, ಇಡಿ. ಖೀಮಾ ಪಕ್ಕ ಜಾಗ ಇದೆ.”

“ಖೀಮಾ ಬೇಡಮ್ಮ, ಮಸಾಲೆ ಅಂಟ್ಕೊಂಡ್ರೆ ಕಷ್ಟ.”

“ಹಾಗಾದ್ರೆ ಐಸ್‌ಕ್ರೀಂ ಪಕ್ಕ ಇಡ್ತೀನಿ. ಅಲ್ಲಾ ನಿಮ್ಗೆ ಬೇಗ ಗುಣ ಮಾಡ್ಲಿ.”

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಜವಾಬ್ದಾರಿಯುತ ನಾಗರಿಕರಾದ ದಾಸಪ್ಪನವರು ವಿದ್ಯುತ್ ಕಚೇರಿಗೆ ಫೋನ್ ಮಾಡಿದರು.

“ಸಾರ್, ನಮ್ಮ ಸಾಲಲ್ಲಿ ಕರೆಂಟ್ ಹೋಗಿದೆ. ಬೇಗ ಕೊಡಿ. ಪ್ಲಗ್ ಬಿಸಿಯಾಗ್ತಾ ಇದೆ.”

ಆ ಕಡೆಯವರು ಇನ್ನೊಮ್ಮೆ ಹೇಳಿಸಿಕೊಂಡರು. “ಕರೆಂಟ್ ಇಲ್ದೇನೇ ಪ್ಲಗ್ ಬಿಸಿಯಾಗ್ತಾ ಇದ್ಯಾ?”

“ಕರೆಂಟ್ ಇಲ್ಲ ಅಂತಾನೇ ಸಾರ್ ಬಿಸಿಯಾಗ್ತಿರೋದು!”

“ಎಷ್ಟು ಪ್ಲಗ್ಗು?”

“ನಾಲ್ಕೂ!”

ಸ್ವಲ್ಪ ಹೊತ್ತಿನಲ್ಲೇ ಲೈನ್‌ಮನ್ ಫಕೀರಪ್ಪ ಏಣಿ ಸಮೇತ ಜೀಪಿನಿಂದ ಹಾರಿದ. ಅವನು ಗದಗದ ಕಡೆಯವನು, ಕರ್ತವ್ಯದಲ್ಲಿ ಕಟ್ಟುನಿಟ್ಟು. ತಂತಿಯಲ್ಲಿ ಕರೆಂಟಿಲ್ಲದಾಗ ಮನೆಯೊಳಗೆ ಪ್ಲಗ್ಗು ಬಿಸಿಯಾಗುತ್ತದೆಂದರೆ ಅವನ ಶಾಸ್ತ್ರದಲ್ಲಿ ಒಂದೇ ಅರ್ಥ. ಯಾರೋ ಕಳ್ಳತನದಿಂದ ಜನರೇಟರ್ ಹಚ್ಚಿ ಲೈನಿಗೆ ಹಿಂದಿನಿಂದ ಕರೆಂಟು ಬಿಡುತ್ತಿದ್ದಾರೆ. ಕಂಬ ಹತ್ತಿದವನ ಕಥೆ ಮುಗಿದಂತೆ.

“ಯಾರ ಮನ್ಯಾಗ ಜನರೇಟರ್ ಐತಿ, ತಾವಾಗೇ ಹೇಳಿಬಿಡ್ರಿ,” ಎಂದು ಬೀದಿಯ ನಡುವೆ ನಿಂತು ಘೋಷಿಸಿದ. “ಅಲ್ಲೀತನಕ ನಾ ಕಂಬ ಹತ್ತಂಗಿಲ್ಲ.”

ಬೀದಿ ಹೊರಗೆ ಬಂತು. ಬ್ಯೂಟಿ ಪಾರ್ಲರಿನಿಂದ ಒಂದೇ ಹುಬ್ಬು ತೀಡಿಸಿಕೊಂಡಿದ್ದ ಹೆಂಗಸು ಬಂದು “ಇನ್ನೊಂದ್ ಯಾವಾಗ್ರೀ?” ಎಂದು ಫಕೀರಪ್ಪನನ್ನೇ ಕೇಳಿದಳು. ಹಿಟ್ಟಿನ ಗಿರಣಿಯವನು ಮೂಲೆಮನೆಯ ಮೇಷ್ಟರ ಮೇಲೆ ಅನುಮಾನ ಇಟ್ಟ. ಮೇಷ್ಟರು ಗಿರಣಿಯ ಮೇಲೆ ಇಟ್ಟರು. ಫಕೀರಪ್ಪ ಮನೆ ಮನೆ ಹೊಕ್ಕು ಮಂಚದ ಕೆಳಗೆಲ್ಲ ಬಗ್ಗಿ ನೋಡಿದ. ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ ಹಳೆಯ ಹೊಲಿಗೆ ಯಂತ್ರವನ್ನು ಬಹಳ ಹೊತ್ತು ಪರೀಕ್ಷಿಸಿದ. ಕಡೆಗೆ ಜನ ತಾಳ್ಮೆಗೆಟ್ಟು ಕೇಳಿದರು: “ಕಂಪ್ಲೇಂಟ್ ಕೊಟ್ಟಿದ್ಯಾರು ಸ್ವಾಮಿ?”

“ದಾಸಪ್ಪ ಅಂತ.”

ಬೀದಿಯೆಲ್ಲ ದಾಸಪ್ಪನವರ ಬಾಗಿಲಿಗೆ ಬಂತು.

“ಬಿಸಿಯಾದ ಪ್ಲಗ್ ತೋರಸ್ರೀ ಸರ,” ಎಂದ ಫಕೀರಪ್ಪ.

“ಇಲ್ಲಿಲ್ಲ... ಎದುರುಮನೇಲಿದೆ,” ದಾಸಪ್ಪನವರ ದನಿ ಇಳಿಯಿತು. “ಫ್ರಿಜ್ಜಲ್ಲಿ.”

ಮೆರವಣಿಗೆ ರಸ್ತೆ ದಾಟಿತು. ಕೆಲಸದಿಂದ ಆಗಷ್ಟೇ ಬಂದಿದ್ದ ನೂರೀನ್ ತಣ್ಣೀರಿಗೆಂದು ಫ್ರಿಜ್ ತೆರೆದು, ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು, “ಅಮ್ಮೀ, ಯೇ ಕ್ಯಾ?” ಎನ್ನುವುದಕ್ಕೂ ಬಾಗಿಲಲ್ಲಿ ಇಡೀ ಬೀದಿ ನಿಲ್ಲುವುದಕ್ಕೂ ಸರಿಹೋಯಿತು. ಫಕೀರಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು ಒಂದು ಪ್ಲಗ್ಗನ್ನು ಎತ್ತಿದ. ಅನುಮಾನ ಬಂದು ಗ್ಲೌಸ್ ತೆಗೆದು ಮುಟ್ಟಿದ.

“ಇದು ಬಿಸಿನಾ? ಕೈ ಮರಗಟ್ಟಾಕತ್ತೈತಿ!” ಅವನ ಮುಖದಲ್ಲಿ ಭಯ, ಕೋಪ, ನಿರಾಳ ಒಂದರ ಹಿಂದೊಂದು ಬಂದು ಹೋದವು. “ಸರ, ಪ್ಲಗ್ ಸುಟ್ಟೈತಿ ಅಂತ ಕರದವ್ರನ್ನ ಬೇಕಾದಷ್ಟು ಮಂದಿ ನೋಡೀನಿ. ಪ್ಲಗ್ಗಿಗೆ ಥಂಡಿ ಸಾಲವಲ್ದು ಅಂತ ಕರದವ್ರು ನೀವ ಮೊದಲ.” ಹೀಗೆಂದು ನೇರ ಹೋಗಿ ಕಂಬ ಹತ್ತಿದ. ದೀಪಗಳು ಹತ್ತಿಕೊಂಡವು. ಒಂಟಿ ಹುಬ್ಬಿನ ಹೆಂಗಸು ಓಡಿದಳು. ಬೀದಿ ಚದುರಿತು.

ನೂರೀನ್ ಮಾತ್ರ ದಾಸಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿ ವಿಷಯ ಕೇಳಿದಳು. ಅವರು ಚಪ್ಪಲಿಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ಅವಳು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋದಳು. ಒಳಗಿಂದ ಬಹಳ ಹೊತ್ತು ಪಾತ್ರೆ ಅಲುಗಾಡುವಂಥ ಸದ್ದು ಬಂತು. ಕಣ್ಣೊರೆಸಿಕೊಂಡು ವಾಪಸ್ಸು ಬಂದಳು.

“ಅಂಕಲ್, ಕೋಲ್ಡ್ ಅನ್ನೋದು ಆ ಪ್ಲಗ್ಗಿನ ಜಾತಿ ಹೆಸರು. ಒಳಗಿನ ಬಿಸೀನ ಬೇಗ ಹೊರಗೆ ದಾಟಿಸ್ಬಿಡತ್ತೆ, ಅಷ್ಟೇ. ಟ್ಯೂನ್ ಮಾಡಿದ ಇಂಜಿನ್ ಜಾಸ್ತಿ ಕಾಯತ್ತಲ್ಲ, ಅದಕ್ಕೆ ಇದೇ ಆಗ್ಬೇಕು. ಅಂಗಡಿಯವರು ಸರಿಯಾದ್ದೇ ಕೊಟ್ಟಿದಾರೆ. ಬಿಸಿಲಲ್ಲಿಟ್ರೂ ಇದು ಕೋಲ್ಡೇ.”

ದಾಸಪ್ಪನವರು ನೆಲ ನೋಡಿದರು. ಕೊಡಿಗೇಹಳ್ಳಿಯಲ್ಲಿ ಭೂಮಿ ಬಾಯಿಬಿಡುವ ಜಾಗವೇನಾದರೂ ಇದೆಯೇ ಎಂದು ಯೋಚಿಸಿದರು.

ಅಷ್ಟರಲ್ಲಿ ನೂರೀನ್ ಒಂದು ಪ್ಲಗ್ಗನ್ನು ಒರೆಸಿ, ಬೆಳಕಿಗೆ ಹಿಡಿದು, ಗೇಜಿನ ಎಲೆ ತೂರಿಸಿದಳು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅವಳ ಮುಖದಲ್ಲಿ ನಗು ಇರಲಿಲ್ಲ.

“ಈ ಗ್ಯಾಪು ಯಾರು ಸೆಟ್ ಮಾಡಿದ್ದು?”

“ನಾನೇ. ಅದೂ ತಪ್ಪಾಯ್ತೇನಮ್ಮ?”

“ನಾಲ್ಕೂ ಒಂದೇ ಸಮ ಇದೆ ಅಂಕಲ್. ಕೂದಲೆಳೆ ವ್ಯತ್ಯಾಸ ಇಲ್ಲ. ನಡುವಿನ ಸೂಜಿಗೆ ಒಂದು ಗೀರೂ ಬಿದ್ದಿಲ್ಲ. ಹೊಸಬರು ಮೊದಲ ಸಲಕ್ಕೇ ಒಂದೆರಡು ಮುರೀತಾರೆ. ನಾನೂ ಮುರ್ದಿದ್ದೆ.” ಅವಳು ಗೇಜು ಮಡಚಿದಳು. “ನಾಳೆ ನಾನೂ ಬರ್ತೀನಿ. ಫಿಟ್ಟಿಂಗ್ ನನಗೆ ಬಿಡಿ. ಫ್ರಿಜ್ಜಿಗೆ ಮಾತ್ರ ಮತ್ತೆ ಇಡ್ಬೇಡಿ.”

ಮನೆಗೆ ಬಂದವರೇ ದಾಸಪ್ಪನವರು ಭಾವಮೈದುನನಿಗೆ ಫೋನ್ ಮಾಡಿದರು. ರೇಸಿನ ಮುಂಚೆ ಸತ್ಯ ಹೇಳಿಬಿಡುವುದು ನ್ಯಾಯ.

“ವೆಂಕಟೇಶ, ನೋಡು, ನನಗೆ ಇಂಜಿನ್ ಬಗ್ಗೆ ಏನೇನೂ ಗೊತ್ತಿಲ್ಲ ಕಣಪ್ಪ.”

“ಬಾವ,” ಆ ಕಡೆಯಿಂದ ಗದ್ಗದ ದನಿ, “ನಿಜವಾಗ್ಲೂ ತಿಳಿದೋರು ಇಂಗೇ ಏಳೋದು. ನಮ್ ಸಾಕಿಬ್ಬೂ ಇಂಗೇ ಅಂತಾನೆ. ನಿಮ್ಮಂಥೋರು ನಮ್ಮನ್ಯಾಗಿರೋದು ನಮ್ ಪುಣ್ಯ.” ಫೋನಿಟ್ಟ.

ಭಾನುವಾರ ಬೆಳಿಗ್ಗೆ ಟ್ರ್ಯಾಕಿನ ಪಕ್ಕ ಶಾಮಿಯಾನ ಎದ್ದಿತ್ತು. ಎರಡು ಕಡೆಯ ನೆಂಟರು ವ್ಯಾನು ತುಂಬಿ, ಪುಳಿಯೋಗರೆಯ ಸ್ಟೀಲ್ ಬುಟ್ಟಿಗಳ ಸಮೇತ ಬಂದಿದ್ದರು. ದಾಸಪ್ಪನವರು ಇಳಿದ ಕೂಡಲೇ ಜನ ದಾರಿ ಬಿಟ್ಟರು. ವೆಂಕಟೇಶಪ್ಪ ಮದುವೆಮನೆಯ ಐಸ್‌ಕ್ರೀಂ ಡಬ್ಬವೊಂದನ್ನು ಇಬ್ಬರ ಕೈಲಿ ಹೊರಿಸಿಕೊಂಡು ಬಂದ. “ಬಾವ, ಐಸ್ ತಂದಿವ್ನಿ. ಎಷ್ಟ್ ಬೇಕೋ ಆಕ್ಕಳಿ.”

“ಐಸ್ ಬೇಡ ಕಣೋ. ಐಸಿಗೂ ಇದಕ್ಕೂ ಸಂಬಂಧಾನೇ ಇಲ್ಲ.”

ವೆಂಕಟೇಶಪ್ಪ ಆಚೀಚೆ ನೋಡಿ ಕಣ್ಣು ಮಿಟುಕಿಸಿದ. “ಗೊತ್ತಾಯ್ತು ಬಾವ. ಇಲ್ಲಿ ಏಳ್ಬಾರ್ದು.”

ನೂರೀನ್ ಹಳೆಯ ಪ್ಲಗ್ಗುಗಳನ್ನು ಬಿಚ್ಚಿ, ಹೊಸದನ್ನು ಒಣಬಟ್ಟೆಯಲ್ಲಿ ಒರೆಸಿ, ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಬಿಗಿದಳು. ನೆಂಟರು ಉಸಿರು ಬಿಗಿಹಿಡಿದು ನೋಡಿದರು. ಒಬ್ಬಜ್ಜಿ ಮೊಮ್ಮಗಳಿಗೆ, “ಆ ಉಡ್ಗಿ ಕೈ ಆಕ್ತವ್ಳೆ, ನಮ್ ದಾಸಪ್ಪ ಕಣ್ಣಾಗೇ ಏಳ್ಕೊಡ್ತವ್ನೆ,” ಎಂದು ವಿವರಿಸಿದಳು.

ಎರಡೂ ಕಾರುಗಳು ಗೆರೆಗೆ ಬಂದು ನಿಂತವು. ಕೆಂಪು ಕಾರು ಗುಟುರು ಹಾಕಿತು. ಹಳದಿಯದು ‘ಪುಟ್’ ಎಂದಿತು. ಇನ್ನೊಮ್ಮೆ ‘ಪುಟ್’ ಎಂದು ಸುಮ್ಮನಾಯಿತು. ಅದರ ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ವಿಷಯ ಇಷ್ಟೇ. ದಾಸಪ್ಪನವರೇ ಬರೀ ಫ್ರಿಜ್ಜಿನಲ್ಲಿಟ್ಟರೆ ತಾನು ಒಂದು ಕೈ ಮೇಲಾಗಬೇಕೆಂದು ಮುನಿವೆಂಕಟಯ್ಯ ತನ್ನ ಪ್ಲಗ್ಗುಗಳನ್ನು ಶನಿವಾರದಿಂದಲೇ ಐಸ್ ಬಕೆಟ್ಟಿನಲ್ಲಿ ನೆನೆಹಾಕಿ, ಈಗ ಹಸಿಹಸಿಯಾಗಿ ಹಾಕಿಸಿದ್ದ. ಸಾಲದೆಂಬಂತೆ, ತಣ್ಣಗಿರಲಿ ಎಂದು ಪ್ಲಗ್ಗಿನ ಗುಳಿಗಳಿಗೆ ಪುಡಿ ಐಸನ್ನೂ ತುಂಬಿಸಿದ್ದ.

“ಗೆದ್ವಿ!” ವೆಂಕಟೇಶಪ್ಪ ಕಾರಿನಿಂದಲೇ ಕೂಗಿದ. “ಬಾವ, ಆರ ತನ್ನಿ!”

ಆ ಕ್ಷಣದಲ್ಲಿ ದಾಸಪ್ಪನವರು ಮಾಡಿದ್ದನ್ನು ನೆಂಟರು ಇಂದಿಗೂ ಬೇರೆ ಬೇರೆ ರೀತಿ ಹೇಳುತ್ತಾರೆ. ಅವರು ಹಾರ ತರಲಿಲ್ಲ. ನೇರ ಹಳದಿ ಕಾರಿನ ಹತ್ತಿರ ಹೋದರು. ಬಾನೆಟ್ ಮುಂದೆ ಪೆಚ್ಚಾಗಿ ನಿಂತಿದ್ದ ಮುನಿವೆಂಕಟಯ್ಯನನ್ನು ನೋಡಿದರು. ಏನೂ ತಿಳಿಯದೆ ತಿಳಿದವನಂತೆ ನಿಲ್ಲುವುದು ಎಷ್ಟು ಕಷ್ಟವೆಂದು ಆ ಬಯಲಿನಲ್ಲಿ ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ.

“ನೂರೀನ್, ಇದನ್ನ ಒಣಗಿಸ್ಬೋದೇನಮ್ಮ?”

“ಗಾಳಿ ಹೊಡೆದ್ರೆ ಆಗತ್ತೆ ಅಂಕಲ್.”

“ಬಾವ! ಅವ್ನ್ ಗಾಡಿ ಯಾಕ್ ರಿಪೇರಿ ಮಾಡ್ತಿದ್ದೀರಾ?” ವೆಂಕಟೇಶಪ್ಪ ಅರಚಿದ.

“ಹಿಂಗೆ ಗೆದ್ರೆ ಅವರು ಏನಂತಾರೆ ಗೊತ್ತಾ? ನನ್ನ ಗಾಡಿ ನಿಂತೋಗಿತ್ತು, ಅದಕ್ಕೇ ಗೆದ್ದ ಅಂತಾರೆ. ಮುಂದಿನ ವರ್ಷದವರೆಗೂ ಅಂತಾರೆ. ಓಡಿಸಿ ಗೆಲ್ಲೋ!” ಎಂದರು ದಾಸಪ್ಪನವರು. ಭಾವಮೈದುನನಿಗೆ 'ಗೆಲ್ಲೋ' ಎಂದು ದಬಾಯಿಸಿದ್ದು ಅದೇ ಮೊದಲು. ವೆಂಕಟೇಶಪ್ಪ ತೆಪ್ಪಗೆ ಒಳಗೆ ಕುಳಿತ.

ಟೈರಿಗೆ ಗಾಳಿ ತುಂಬುವ ಪೈಪು ಹಿಡಿದು ನೂರೀನ್ ಗುಳಿಗಳ ನೀರನ್ನು ಊದಿ ತೆಗೆದಳು. ದಾಸಪ್ಪನವರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಪುಳಿಯೋಗರೆ ಬುಟ್ಟಿಗೆ ಸುತ್ತಿದ್ದ ಪಂಚೆಯಲ್ಲಿ ಒಂದೊಂದೇ ಪ್ಲಗ್ಗನ್ನು ಒರೆಸಿ, ಸೂಜಿಗೆ ಬೆರಳು ತಾಗದಂತೆ ಎತ್ತಿ ಕೊಟ್ಟರು. ಹಳದಿ ಕಾರು ಗುಡುಗಿತು. ಮುನಿವೆಂಕಟಯ್ಯನ ಎರಡೂ ಕೈ ನಮಸ್ಕಾರಕ್ಕೆಂದು ಎದೆಯವರೆಗೆ ಎದ್ದವು.

ಬಾವುಟ ಬಿತ್ತು.

ಮೊದಲಿಗೆ ಹಳದಿಯೇ ಮುಂದು. ನೆಂಟರ ಪೈಕಿ ಅರ್ಧ ಜನ ಎದ್ದು ಕುಣಿದರು. ನಡುದಾರಿಯವರೆಗೂ ಹಾಗೇ ಇತ್ತು. ಅಲ್ಲಿ ವೆಂಕಟೇಶಪ್ಪ ಪೂರ್ತಿ ತುಳಿದ. ಇದೇ ಆ ಜಾಗ, ಕಾರು ಕೆಮ್ಮುವ ಜಾಗ. ದಾಸಪ್ಪನವರು ಕಣ್ಣು ಮುಚ್ಚಿಕೊಂಡರು. ವರಲಕ್ಷ್ಮಮ್ಮ ಅವರ ತೋಳು ಹಿಡಿದುಕೊಂಡರು. ಒಂದು ಕೆಮ್ಮಿಗಾಗಿ ಕಿವಿಯಿಟ್ಟು ಕಾದರು. ಕೆಮ್ಮು ಬರಲಿಲ್ಲ. ಬದಲಿಗೆ ಒಂದೇ ಉಸಿರಿನ, ಎಲ್ಲೂ ಹರಿಯದ, ಏರುತ್ತಲೇ ಹೋಗುವ ನಾದ. ಶಾಮಿಯಾನದ ಬಟ್ಟೆ ನಡುಗಿತು. ಕಣ್ಣು ಬಿಡುವ ಹೊತ್ತಿಗೆ ಕೆಂಪು ಕಾರು ಹಳದಿಯನ್ನು ಹಿಂದೆ ಹಾಕಿ, ಗೆರೆ ದಾಟಿ, ದೂರದಲ್ಲಿ ಧೂಳೆಬ್ಬಿಸಿ ತಿರುಗುತ್ತಿತ್ತು.

ಆಮೇಲಿನ ಗದ್ದಲವನ್ನು ವರ್ಣಿಸುವುದು ಕಷ್ಟ. ದಾಸಪ್ಪನವರನ್ನು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಮುನಿವೆಂಕಟಯ್ಯನೂ ಒಂದು ಕಾಲು ಹಿಡಿದಿದ್ದ. ಎರಡು ಮಾತು ಹೇಳಲೇಬೇಕೆಂದು ಎಲ್ಲರೂ ಹಠ ಮಾಡಿದರು. ಅವರು ಕೈಮುಗಿದು, ಇದ್ದದ್ದನ್ನು ಇದ್ದಂತೆ ಹೇಳಿದರು. “ಸರಿಯಾದ ಪ್ಲಗ್ಗು ನೋಡಿ ಕೊಟ್ಟಿದ್ದು ಅಂಗಡಿ ಮುರುಗೇಶ್. ಹಾಕಿದ್ದು ಈ ನೂರೀನ್. ಫ್ರಿಜ್ಜಲ್ಲಿ ಇಟ್ಟಿದ್ದು ನನ್ನ ದಡ್ಡತನ. ಗ್ಯಾಪು ಮಾತ್ರ ನಾನೇ ಮಾಡಿದ್ದು.”

“ಅದೇ ಅಂಕಲ್ ಅಸಲಿ ಕೆಲಸ!” ಎಂದಳು ನೂರೀನ್. ಚಪ್ಪಾಳೆ ಬಿತ್ತು. ಫ್ರಿಜ್ಜಿನ ಗುಟ್ಟನ್ನು ಎಷ್ಟು ಜಾಣತನದಿಂದ ಮುಚ್ಚಿಟ್ಟರು ಎಂದು ಹಿಂದಿನ ಸಾಲಿನಲ್ಲಿ ಇಬ್ಬರು ಮೆಚ್ಚಿಕೊಂಡರು. ಅಂಥವರಿಗೆ ಏನೂ ಮಾಡಲಾಗುವುದಿಲ್ಲ.

ವೆಂಕಟೇಶಪ್ಪ ಕಾರಿನ ಕೀಲಿಯನ್ನು ಅವರ ಕೈಯಲ್ಲಿಟ್ಟ. “ಬಾವ, ಒಂದ್ ರೌಂಡ್ ನೀವೂ ಓಗ್ಬನ್ನಿ. ಅಕ್ಕನ್ನೂ ಕೂರಿಸ್ಕಳಿ.”

ದಾಸಪ್ಪನವರಿಗೆ ಲೈಸೆನ್ಸ್ ಇತ್ತು. ಕಾಲೇಜಿನ ಹಳೆಯ ವ್ಯಾನನ್ನು ಆಗೀಗ ಓಡಿಸಿ ಅಭ್ಯಾಸವಿತ್ತು. ಇಷ್ಟು ತಗ್ಗಿನ ಸೀಟಿನಲ್ಲಿ ಮಾತ್ರ ಕುಳಿತಿರಲಿಲ್ಲ. ವರಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು, ಇಬ್ಬರು ನಾದಿನಿಯರ ಸಹಾಯದಿಂದ ಪಕ್ಕದಲ್ಲಿ ಇಳಿದು ಕುಳಿತರು. ಬೆಂಗಳೂರಿನ ಉತ್ತರಕ್ಕೆ ಅಂದು ಓಡುತ್ತಿದ್ದ ಕಾರುಗಳಲ್ಲೆಲ್ಲ ಅತಿ ಶಕ್ತಿವಂತ ಕಾರು, ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ, ಟ್ರ್ಯಾಕಿನ ಎಡಬದಿಗೆ ಸರಿಯಾಗಿ ಅಂಟಿಕೊಂಡು ಹೊರಟಿತು. ಯಾರೂ ಇಲ್ಲದ ತಿರುವಿನಲ್ಲಿ ದಾಸಪ್ಪನವರು ಹಾರ್ನ್ ಮಾಡಿದರು, ಇಂಡಿಕೇಟರ್ ಹಾಕಿದರು. ಮೊದಲ ತಿರುವಿನಲ್ಲಿ ವರಲಕ್ಷ್ಮಮ್ಮ ಕಣ್ಣು ಮುಚ್ಚಿ ಬಾಗಿಲ ಹಿಡಿ ಹಿಡಿದಿದ್ದರು. ಎರಡನೆಯದರಲ್ಲಿ ಕಣ್ಣು ಬಿಟ್ಟರು. ಮೂರನೆಯದರಲ್ಲಿ ಗಾಜು ಇಳಿಸಿದರು; ಗಾಳಿಗೆ ಮಲ್ಲಿಗೆ ದಂಡೆ ಸಡಿಲವಾಯಿತು. ನೇರ ದಾರಿ ಬಂದಾಗ ದಾಸಪ್ಪನವರು ಧೈರ್ಯ ಮಾಡಿ ಕಾಲನ್ನು ಒಂದಿಷ್ಟು ಒತ್ತಿದರು. ಕಾರು ಮುಂದಕ್ಕೆ ಚಿಮ್ಮಿತು. ಇಬ್ಬರ ಬೆನ್ನೂ ಸೀಟಿಗೆ ಅಂಟಿತು. ಇಬ್ಬರೂ ಒಟ್ಟಿಗೆ “ಅಯ್ಯಯ್ಯೋ” ಎಂದರು. ಇಂಜಿನ್ ಎಳ್ಳಷ್ಟೂ ಕೆಮ್ಮಲಿಲ್ಲ.

ಶಾಮಿಯಾನ ಹತ್ತಿರ ಬಂತು. ನೆಂಟರೆಲ್ಲ ಕೈಬೀಸುತ್ತಾ ನಿಂತಿದ್ದರು. ದಾಸಪ್ಪನವರು ಬ್ರೇಕಿನ ಮೇಲೆ ಕಾಲಿಟ್ಟರು.

“ರೀ, ಯಾಕ್ ನಿಲ್ಲಿಸ್ತೀರಾ?” ಎಂದರು ವರಲಕ್ಷ್ಮಮ್ಮ ದಂಡೆ ಸರಿಮಾಡಿಕೊಳ್ಳುತ್ತಾ. “ಇನ್ನೊಂದ್ ರೌಂಡ್ ಹೋಗಿ. ಈ ಸಲ ಸ್ವಲ್ಪ ಜೋರಾಗಿ.”